ನೆನೆಹಾಕಿದ ಅಂಗಿ

ನೊಂದ ಹುಡುಗಿಯ ತಾಯಿಯಾದ ನಾನು (ಹೆಸರು ಬೇರೆ ಲಕೋಟೆಯಲ್ಲಿದೆ), ವಯಸ್ಸು 46, ಕಸುಬು ಬಟ್ಟೆ ಒಗೆಯುವುದು, ವಾಸ ಲಾಂಡ್ರಿಯವರೇ ಕೊಟ್ಟಿರುವ, ಅದರ ಹಿಂಭಾಗದ ಎರಡು ಕೋಣೆಯ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಸಂಜೆ ಸುಮಾರು ಆರೂವರೆಗೆ ನನ್ನ ಮಗಳು, ವಯಸ್ಸು 19, ಕೆಲಸದಿಂದ ಬಂದಳು. ಅವಳು ಇದೇ ಲಾಂಡ್ರಿಯ ಗೋದಾಮಿನಲ್ಲಿ ಬಟ್ಟೆ ವಿಂಗಡಿಸುತ್ತಾಳೆ. ದಿನಾ ಬಾಗಿಲಲ್ಲೇ ಹರಟೆ ಶುರು ಮಾಡುವವಳು ನಿನ್ನೆ ನೇರವಾಗಿ ಒಳಗೆ ಹೋದಳು. ಮೇಲಂಗಿ ಕಳಚಿ ಎಸೆದು, ನನ್ನ ಹಳೆಯ ಸ್ವೆಟರ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಳು. ಅಂಗಿಯ ಮೇಲೆ ಕಲೆ ಇತ್ತು. ಕಲೆ ಕಂಡರೆ ಕಾರಣ ಕೇಳುವ ಮೊದಲೇ ನೆನೆಹಾಕುವುದು ನಮ್ಮ ಕಸುಬಿನವರ ಅಭ್ಯಾಸ. ಅಂಗಿಯನ್ನು ಬಕೆಟ್ಟಿನ ಸೋಪಿನ ನೀರಿಗೆ ಹಾಕಿದೆ. ಆಮೇಲೆ ಕೇಳಿದೆ. ಲಾಂಡ್ರಿಯ ಮೇಲ್ವಿಚಾರಕ ಗೋದಾಮಿನ ಬಾಗಿಲು ಹಾಕಿ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ತಿಳಿಸಿದಳು.

ಆಸ್ಪತ್ರೆಯಲ್ಲಿ ಆಯಾ ಆಗಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಸ್ನಾನ ಮಾಡಿಸಬಾರದೆಂದೂ, ಉಳಿದ ಬಟ್ಟೆ ಬದಲಿಸದೆ ಹಾಗೆಯೇ ಕರೆತರಬೇಕೆಂದೂ ತಿಳಿಸಿದಳು. ಬಕೆಟ್ಟಿನ ವಿಷಯ ಹೇಳಿದಾಗ, "ಅಯ್ಯೋ ಅಕ್ಕಾ, ಎಂಥ ಕೆಲಸ ಮಾಡ್ಬಿಟ್ಟೆ!" ಎಂದಳು. ಅವನ ಗುರುತನ್ನು ಕೈಯಾರೆ ತೊಳೆದುಬಿಟ್ಟೆನಲ್ಲಾ ಎಂದು, ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಡಾಕ್ಟರಮ್ಮ ಪ್ರತಿಸಲವೂ ಮಗಳ ಒಪ್ಪಿಗೆ ಕೇಳಿ ಹತ್ತಿಕಡ್ಡಿಗಳಲ್ಲಿ ಮಾದರಿ ತೆಗೆದು, ಒಳಬಟ್ಟೆಯನ್ನು ಕಾಗದದ ಚೀಲಕ್ಕೆ ಹಾಕಿ ಸೀಲು ಮಾಡಿದರು. ಅದರಲ್ಲಿ ಸಿಗುವ ಡಿಎನ್‌ಎಯನ್ನು ಅವನ ರಕ್ತದೊಂದಿಗೆ ಹೋಲಿಸುತ್ತಾರೆಂದೂ, ನೆನೆದ ಅಂಗಿಯಲ್ಲೂ ಏನಾದರೂ ಉಳಿದಿರಬಹುದೆಂದೂ, ಅದನ್ನು ಉಜ್ಜದೆ, ನೆರಳಲ್ಲಿ ಒಣಗಿಸಿ ಪೊಲೀಸರಿಗೆ ಕೊಡಬೇಕೆಂದೂ ತಿಳಿಸಿದರು. ಹೋದ ಜೀವ ಬಂದಂತಾಯಿತು.

ಇಂದು ಬೆಳಿಗ್ಗೆ ಎಂಟಕ್ಕೆ, ಅಂಗಿ ಅಡುಗೆಮನೆಯ ಹಗ್ಗದ ಮೇಲಿರುವಾಗಲೇ, ಮೇಲ್ವಿಚಾರಕ ಬಾಗಿಲು ತಟ್ಟಿದನು. ಮಗಳು ಮಂಚದ ಕೆಳಗೆ ಸೇರಿಕೊಂಡಳು. ಹುಡುಗಿ ಕೆಲಸಕ್ಕೆ ಯಾಕೆ ಬಂದಿಲ್ಲವೆಂದು ವಿಚಾರಿಸಿ, ನನ್ನ ಹೆಗಲ ಮೇಲಿಂದ ಇಣುಕಿ, "ನಿನ್ನೆ ಬಟ್ಟೆ ಎಲ್ಲಾ ಒಗೆದಾಯ್ತಾ, ಅಕ್ಕಾ?" ಎಂದನು. ಇಷ್ಟು ವರ್ಷದಲ್ಲಿ ಅವನು ನಮ್ಮ ಮನೆಯ ಬಟ್ಟೆ ವಿಚಾರಿಸಿದ್ದಿಲ್ಲ. ಒಂದು ಹೆಜ್ಜೆ ಒಳಗಿಟ್ಟಿದ್ದರೆ ಹಗ್ಗ ಕಾಣುತ್ತಿತ್ತು. ಬಾಗಿಲಿಗೆ ಅಡ್ಡ ನಿಂತೇ, "ರಾತ್ರೀನೇ ಒಗೆದು, ಕುದಿಸಿ, ಇಸ್ತ್ರೀನೂ ಮಾಡಿಟ್ಟೆ" ಎಂದೆ. "ನಿಮ್ಮ ಕೈಗೆ ಬಿದ್ರೆ ಕಲೆ ಉಳಿಯುತ್ತಾ!" ಎಂದು ನಕ್ಕು ಹೋದನು.

ಸದರಿ ಅಂಗಿಯನ್ನು ಹಾಜರುಪಡಿಸಿರುತ್ತೇನೆ. ಅವನ ರಕ್ತ ತೆಗೆಯುವವರೆಗೆ ಅಂಗಿ ಉಳಿದಿರುವ ವಿಷಯ ಅವನ ಕಿವಿಗೆ ಬೀಳಬಾರದು. ನಮ್ಮ ಮನೆಯ ಇನ್ನೊಂದು ಕೀಲಿ ಅವನ ಬಳಿ ಇದೆ.

ಮೇಲೆ ಬರೆಸಿದ್ದನ್ನು ಓದಿ ಹೇಳಲಾಗಿ ಕೇಳಿದ್ದೇನೆ, ಪ್ರತಿ ಮಾತೂ ನಿಜ. ಸುಳ್ಳು ಆಡಿದ್ದು ಒಂದೇ, ಅದು ಬಾಗಿಲಲ್ಲಿ, ಅವನಿಗೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಧ್ಯಾಹ್ನ
ಹೆಬ್ಬೆಟ್ಟಿನ ಗುರುತು (ಸೋಪಿಗೆ ಬೆರಳು ಸವೆದಿರುವುದರಿಂದ ಎರಡು ಸಲ ಒತ್ತಿಸಲಾಗಿದೆ)