ಮಾವನ ಕೋವಿ

ನಗು ಲವೀನಾ, ನಗು. ಗಂಡನಿಗೆ ಹೊಟ್ಟೆಕಿಚ್ಚು ಅಂತ ತಾನೇ? ಅರವತ್ತೆಂಟು ವರ್ಷದವನಿಗೆ ಯಾವ ಹೊಟ್ಟೆಕಿಚ್ಚೇ! ಇವತ್ತಿನ ಗುರಿ ಪಂದ್ಯದಲ್ಲಿ ಆ ಹುಡುಗಿ ಕೆಂಡ್ರಾ ಕೊನೇ ಗುಂಡಲ್ಲಿ ಸೋತಳು, ಬಹುಮಾನದ ಟರ್ಕಿ ಕೋಳಿ ನನಗೆ ಬಂತು. ಅಷ್ಟೇ.

ಒಳಗೆ ಕ್ಲಬ್ಬಿನವರೆಲ್ಲ ಸೂಪು ಕುಡೀತಿದಾರೆ, ನೀನು ಈ ಶೆಡ್ಡಲ್ಲಿ ನಿಮ್ಮಪ್ಪನ ಕೋವಿ ತೊಡೆ ಮೇಲಿಟ್ಕೊಂಡು ಕೂತಿದೀಯ. ಬೆಂಚಿನ ಮೇಲಿಡು, ಆಮೇಲೆ ನಾನು ನೋಡ್ಕೋತೀನಿ. ಬಾ, ಆರಿಹೋಗುತ್ತೆ.

ಇಡಲ್ವಾ? ಸರಿ.

ನೋಡಬೇಕಾದ್ದೇನಿದೆ ಅದರಲ್ಲಿ... ನಳಿಗೆ ಪಕ್ಕದ ಮದ್ದಿನ ಬಟ್ಟಲಲ್ಲಿ ಕಿಡಿ ಬಿತ್ತು, ಭಗ್ ಅಂತು, ಗುಂಡು ಹಾರಲಿಲ್ಲ. ಹುಡುಗಿ ನಳಿಗೆಗೆ ಮದ್ದು ಹಾಕೋದೇ ಮರೆತಿದಾಳೆ, ಬರೀ ಗುಂಡು ತುರುಕಿದಾಳೆ. ನಾವೆಲ್ಲ ಮಾಡಿದೀವಿ ಆ ತಪ್ಪು. ನಮ್ಮ ಮದುವೆಯಾದ ವರ್ಷ ನಾನೂ ಮಾಡಿದೆ, ನಿಮ್ಮಪ್ಪನ ಎದುರಿಗೇ. ಒಂದು ವಾರ ನಕ್ಕಿದ್ದ ಮಹಾರಾಯ.

ಆಗ ಕ್ಲಬ್ಬಲ್ಲಿ ನಾವು ಆರೇ ಜನ. ಚಕಮಕಿ ಕಲ್ಲಿನ ಕೋವಿ ಹಿಡಿದ್ರೆ ಊರೆಲ್ಲ ಹುಚ್ಚರು ಅನ್ನೋದು. ಈಗ ನೋಡು, ಪೆನ್ಸಿಲ್ವೇನಿಯಾ ತುಂಬಾ ಇದೇ ಹುಚ್ಚು, ಕಾರು ನಿಲ್ಲಿಸೋಕೆ ಜಾಗ ಇಲ್ಲ. ದುರ್ಬೀನು ಹಾಕಿದ ಹೊಸ ಕೋವಿ ಬೇಜಾರಾಯ್ತಂತೆ, ಅಜ್ಜನ ಕಾಲದ್ದು ಬೇಕಂತೆ. ಈ ಕೆಂಡ್ರಾ ಫೋನಲ್ಲಿ ವಿಡಿಯೋ ನೋಡ್ಕೊಂಡು ಬಂದವಳು. ಎರಡು ವರ್ಷ ಆಗಿಲ್ಲ. ಅವಳಿಗೆ ನೀನು ಗೋಡೆ ಮೇಲಿದ್ದ ನಿಮ್ಮಪ್ಪನ ಕೋವಿ ಇಳಿಸಿ ಕೊಟ್ಟೆ... ಮಂಗನ ಕೈಗೆ ಮಾಣಿಕ್ಯ!

ಹಾಗೆ ನೋಡಬೇಡ. ನಲವತ್ತೊಂದು ವರ್ಷ ಅದರ ಕೆಳಗೇ ಕೂತು ಊಟ ಮಾಡಿದೀನಿ ಕಣೇ. ಕೇಳಿದಾಗೆಲ್ಲ ನಿಮ್ಮಪ್ಪಂದು ಒಂದೇ ಮಾತು: "ಎಲ್ವಿನ್, ಸೋಲೋದು ಕಲಿತ ದಿನ ಕೊಡ್ತೀನಿ." ಅವನು ಸತ್ತಮೇಲೂ ನೀನು ಆ ಮಾತು ಬಿಡಲಿಲ್ಲ.

ಏನು? ಹ್ಞಾಂ, ಇನ್ನೊಂದು ಹಲ್ಲುಕಡ್ಡಿ ಬಾಯಿಗಿಟ್ಟೆ. ತಂಬಾಕು ಬಿಡಿಸಿದವಳು ನೀನೇ ಅಲ್ವಾ? ಇಡೀ ಕ್ಲಬ್ಬಲ್ಲಿ ಹಸಿರು ಕಡ್ಡಿ ಜಗಿಯೋ ದನ ನಾನೊಬ್ಬನೇ ಅಂತ ಎಲ್ಲರೂ ಆಡ್ಕೋತಾರೆ.

ಗುಂಡು ಯಾಕೆ ಹೊರಗೆ ತೆಗೀತಿದೀಯ? ಬಿಡು... ನಾಳೆ ನಾನು ತೆಗೀತೀನಿ.

ಓ. ಮದ್ದು ಇದೆ.

ಹಾಕಿದಾಳೆ ಹಾಗಾದ್ರೆ. ಇರಲಿ... ಮದ್ದು ತೇವ ಆಗಿರಬೇಕು. ಬೆಳಿಗ್ಗೆ ಇಬ್ಬನಿ ಇತ್ತಲ್ಲ. ಒಣಗಿದೆಯಾ? ಇಷ್ಟು ಹೊತ್ತಿಗೆ ಒಣಗಿರುತ್ತೆ ಬಿಡು.

ಆ ಸೂಜಿ ಯಾಕೆ? ಬಟ್ಟಲಿಂದ ನಳಿಗೆಗೆ ಕಿಡಿ ಹೋಗೋ ತೂತಲ್ಲಿ ಏನಿರುತ್ತೆ, ಮಸಿ ಇರುತ್ತೆ... ಲವೀನಾ, ಸೂಪು ಆರ್ತಿದೆ ಅಂದೆ.

ಏನದು ಅಂಗೈಯಲ್ಲಿ? ಹಸಿರು ಚೂರು, ಒಂದು ತುದಿ ಸುಟ್ಟಿದೆ. ಕಸ ಅದು, ಎಸಿ.

ನನ್ನ ಬಾಯಿ ಕಡೆ ಯಾಕೆ ನೋಡ್ತೀಯ?

...ಕೊನೇ ಗುಂಡಿಗೆ ಮುಂಚೆ ಕೆಂಡ್ರಾ ಕಾಫಿಗೆ ಹೋಗಿದ್ದಳು. ಕೋವಿ ಅಲ್ಲಿ ಒರಗಿತ್ತು. ಬರೀ ಮುಟ್ಟೋಣ ಅಂತ ಹೋದೆ, ನಿಮ್ಮಪ್ಪನಾಣೆ. ಎತ್ತಿ ಭುಜಕ್ಕಿಟ್ಟೆ... ನನ್ನ ಭುಜಕ್ಕೇ ಅಳತೆ ತಗೊಂಡು ಮಾಡಿದ ಹಾಗಿತ್ತು ಕಣೇ. ಆಗ ಅವಳ ನಗು ಕೇಳಿಸ್ತು, ಅಲ್ಲಿ, ಕಾಫಿ ಹತ್ತಿರ. ಬಾಯಲ್ಲಿದ್ದ ಕಡ್ಡಿ ಕಚ್ಚಿ ಮುರಿದೆ, ಮುರಿದದ್ದು ಆ ತೂತಿಗೆ ಹೋಯ್ತು.

ಬೈದಾದ್ರೂ ಬಿಡೇ.

ಒಳಗೆ ಹೊರಟೆಯಾ? ತಡಿ, ನಾನೇ ಹೇಳ್ತೀನಿ ಅವಳಿಗೆ. ಟರ್ಕಿ ನಾನೇ ಕೊಡ್ತೀನಿ. ಸೋಲ್ತೀನಿ, ಎಲ್ಲರ ಮುಂದೆ ಸೋಲ್ತೀನಿ, ಸಾಕಾ?

ಕೋವಿ ಯಾಕೆ ಜೊತೆಗೆ ಒಯ್ತಿದೀಯ? ಮತ್ತೆ ಅವಳ ಕೈಗೇ ಕೊಡ್ತೀಯಾ? ಬೆಂಚಿನ ಮೇಲೆ ಇಟ್ಟು ಹೋಗು, ನಾನು ಇಲ್ಲೇ ಇರ್ತೀನಲ್ಲ... ಲವೀನಾ?