ನೀವು ನಡೀರಿ, ನಾನು ಬಂದೆ

ಸಭೆಯ ಅಧ್ಯಕ್ಷರೇ, ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರೇ, ನನಗೆ ಪಾಠ ಹೇಳಿ ದಣಿದ ಗುರುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಮ್ಮ, ಮತ್ತು ಊಟಕ್ಕೆ ಮುಂಚೆ ಇನ್ನೆಷ್ಟು ಭಾಷಣ ಉಳಿದಿದೆ ಎಂದು ಯೋಚಿಸುತ್ತಿರುವ ಸಭಿಕರೇ,

ನನ್ನ ಗೆಳತಿಯ ಹೆಸರಿನ ಬಹುಮಾನವನ್ನು ಇಂದಿನಿಂದ ಶುರುಮಾಡುತ್ತಿದ್ದೀರಿ. ಅವಳ ಬಗ್ಗೆ ಎರಡು ಒಳ್ಳೆಯ ಮಾತು ಆಡಲು ನನ್ನನ್ನು ಕರೆದಿದ್ದೀರಿ. ಎರಡೇ ಮಾತಿಗೆ ನಿಲ್ಲಿಸುವವಳಲ್ಲ ನಾನು. ನಂಬಿಕೆ ಇಲ್ಲದಿದ್ದರೆ ನಮ್ಮವರನ್ನು ಕೇಳಿ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಅವರ ಕಿವಿ ಸೋತಿದೆ. ಮೂರನೇ ಸಾಲಿನಲ್ಲಿ, ತೊಡೆಯ ಮೇಲೆ ಹೆಂಗಸರ ನೀಲಿ ಚೀಲ ಇಟ್ಟುಕೊಂಡು ನಾಚಿ ಕುಳಿತಿದ್ದಾರಲ್ಲ, ಅವರೇ. ನಗಬೇಡಿ, ಪಾಪ. ಅದನ್ನು ಹಿಡಿದುಕೊಂಡಿರಿ ಎಂದವಳು ನಾನೇ.

ಗೆಳತಿಗೆ ನಾವಿಟ್ಟಿದ್ದ ಅಡ್ಡಹೆಸರು ‘ಬಂದೆ’. ತರಗತಿ ಮುಗಿದರೆ ನಾವೆಲ್ಲ ಬಾಗಿಲಿಗೆ ನುಗ್ಗುತ್ತಿದ್ದೆವು. ಅವಳು ಮಾತ್ರ ಹಿಂದೆ ಉಳಿದು ಫ್ಯಾನು ಆರಿಸಿ, ಯಾರೋ ಬಿಟ್ಟ ಕೊಡೆ, ಇನ್ಯಾರೋ ಮರೆತ ಕನ್ನಡಕ ಎಲ್ಲವನ್ನೂ ಎತ್ತಿಕೊಂಡು, “ನೀವು ನಡೀರಿ, ನಾನು ಬಂದೆ” ಎನ್ನುತ್ತಿದ್ದಳು. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಮೊದಲ ವರ್ಷ ಇದೇ ವೇದಿಕೆಯಲ್ಲಿ ವಂದನಾರ್ಪಣೆ ಓದಲು ನಿಂತು ತೊದಲಿದಾಗ ಸಭೆಯೇ ನಕ್ಕಿತು. ಅವಳು ನಗಲಿಲ್ಲ. ಮರುದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, “ಎಲ್ಲಿ, ಇನ್ನೊಂದ್ಸಲ ಓದೇ. ನಗೋರು ಯಾರೂ ಇಲ್ಲ, ಕಾಗೆ ಒಂದಿದೆ, ಅದಕ್ಕೂ ಕನ್ನಡ ಅಷ್ಟಕ್ಕಷ್ಟೇ” ಎಂದಳು. ಇವತ್ತು ನಾನು ಚೀಟಿ ಇಲ್ಲದೆ ನಿಂತು ಮಾತಾಡುತ್ತಿದ್ದರೆ, ಅದು ಯಾರ ಪುಣ್ಯ ಹೇಳಿ?

ಎಲ್ಲೋ ಹೋದೆ. ಮದುವೆಯ ದಿನವೂ ಹೀಗೇ ಎಲ್ಲೋ ಹೋಗಿದ್ದೆ. ಫೋಟೋದವರು ಕಾಯುತ್ತಿದ್ದರು, ಮದುಮಗಳೇ ನಾಪತ್ತೆ! ಅಲಂಕಾರ ಮಾಡಿಕೊಂಡವಳು ಅಡುಗೆಮನೆಯ ಹಿಂದೆ ಸುತ್ತುತ್ತಾ ಒಂದೊಂದೇ ಬಾಗಿಲು ತಳ್ಳಿ ನೋಡುತ್ತಿದ್ದೆ. ನಮ್ಮತ್ತೆ ಎದೆ ಹಿಡಿದುಕೊಂಡು, “ಏನ್ ಹುಡುಕ್ತಿದ್ದೀಯಮ್ಮಾ? ಓಡಿ ಹೋಗೋದಿದ್ರೆ ಮುಂಚೆನೇ ಹೇಳಬಾರದಿತ್ತಾ?” ಎಂದರು. ಈಗ ಅದು ನಮ್ಮ ಮನೆಯ ದೊಡ್ಡ ಜೋಕು. ನಾನೂ ನಗುತ್ತೇನೆ. ಆದರೆ ಹೊರಡುವಾಗ ನಮ್ಮವರು “ನೀ ನಡಿ, ಬೀಗ ಹಾಕಿ ಬಂದೆ” ಎಂದರೆ ನನ್ನ ಕಾಲು ಹೊಸಿಲು ದಾಟುವುದಿಲ್ಲ. ಅವರು ಹೊರಗೆ ಬರಬೇಕು, ಆಮೇಲೆ ನಾನು.

ಆ ದಿನ ಪ್ರಯೋಗಾಲಯದಲ್ಲಿ ಏನಾಯಿತು ಎಂಬುದು ಇಲ್ಲಿರುವ ಬಹಳ ಜನರಿಗೆ ಗೊತ್ತು. ಹಾಜರಿ ಕೊಟ್ಟು ಚಹಾ ಕುಡಿಯಲು ಜಾರುತ್ತೇವೆಂದು, ಪ್ರಯೋಗದ ಹೊತ್ತಿನಲ್ಲಿ ಹಿಂಬಾಗಿಲಿಗೆ ಬೀಗ ಹಾಕುವ ಪದ್ಧತಿ ನಮ್ಮಲ್ಲಿತ್ತು. ಮೇಜಿನ ಮೇಲಿನ ದ್ರಾವಕಕ್ಕೆ ಬೆಂಕಿ ಹತ್ತಿದಾಗ ಎಲ್ಲರೂ ಮುಂಬಾಗಿಲಿಂದ ಓಡಿದೆವು. ಬಂದೆಯೂ ನನ್ನ ಜೊತೆಗೇ ಹೊರಗೆ ಬಂದಳು. ಹೌದು, ಹೊರಗೆ ಬಂದಿದ್ದಳು! ಮತ್ತೆ ತಿರುಗಿ, “ತೂಕದ ಕೋಣೇಲಿ ಜೂನಿಯರ್ ಹುಡುಗೀರಿದ್ರಲ್ಲೇ” ಎಂದಳು. ತೂಕದ ಕೋಣೆ ಇದ್ದದ್ದು ಹಿಂಬಾಗಿಲ ಪಕ್ಕದಲ್ಲಿ. ಭುಜದ ಚೀಲ ತೆಗೆದು ನನ್ನ ಕೈಗಿಟ್ಟಳು. “ಇದನ್ನ ಹಿಡ್ಕೋ. ಬಂದೆ.”

ಆ ಹುಡುಗಿಯರಿಬ್ಬರೂ ಹೊರಗೆ ಬಂದರು, ಅವಳ ಒದ್ದೆ ಕೋಟನ್ನು ಹೊದ್ದುಕೊಂಡು. ಹೊಗೆಯಲ್ಲಿ ದಾರಿ ತೋರಿಸಿ, ಬೆನ್ನ ಮೇಲೆ ಕೈಯಿಟ್ಟು ತಳ್ಳಿದಳಂತೆ. “ನೀವು ನಡೀರಿ” ಎಂದಳಂತೆ. ಮುಂದಿನ ಮಾತು ಅವರಿಗೆ ಕೇಳಿಸಲಿಲ್ಲ. ನಾನು ಚೀಲ ಹಿಡಿದುಕೊಂಡು ಕಾಯುತ್ತಲೇ ಇದ್ದೆ.

ವಿಚಾರಣೆಯಲ್ಲಿ ಇದಿಷ್ಟನ್ನೂ ಹೇಳಿದ್ದೆ. ಎಲ್ಲರಿಗೂ ತಿಳಿದಿದೆ ಎಂದುಕೊಂಡಿದ್ದೆ. ಇವತ್ತಿನ ಆಹ್ವಾನಪತ್ರಿಕೆಯಲ್ಲಿ, ‘ಮರೆತ ಚೀಲ ತರಲು ಒಳಹೋಗಿ ಅಗಲಿದ ವಿದ್ಯಾರ್ಥಿನಿ’ ಎಂದು ಅಚ್ಚಾಗಿದೆ. ಬರೆದವರು ಯಾರೆಂದು ನಾನು ಕೇಳುವುದಿಲ್ಲ. ಬೀಗದ ಮಾತಿಗಿಂತ ಚೀಲದ ಮಾತು ಸುಲಭ, ಅಲ್ಲವೇ ಸಾರ್? ಆದರೆ ಈಗಷ್ಟೇ ಈ ಬಾಗಿಲಲ್ಲಿ ಅವಳ ತಾಯಿ, ಮುಂದಿನ ಸಾಲಿನಲ್ಲಿರುವ ಈ ಅಮ್ಮ, ನನ್ನ ಕೈ ಹಿಡಿದುಕೊಂಡು, “ಆ ಚೀಲ ನಾನು ಹೊಲಿದು ಕೊಡಬಾರದಿತ್ತು ಕಣೇ. ಅದ್ರಿಂದಾನೇ ಮಗು ಹೋಯ್ತು” ಎಂದರು. ಆಗ ಕಾಲೇಜಿನವರು ಮನೆಗೆ ಹೇಳಿದ್ದೂ ಇದನ್ನೇ ಅಂತೆ. ಇಷ್ಟು ವರ್ಷ ಅವರು ಹೀಗೆಂದೇ ನಂಬಿ ಬದುಕಿದ್ದಾರೆ. ಇದಕ್ಕಿಂತ ದೊಡ್ಡ ಬೆಂಕಿ ಬೇಕೇ?

ಅಮ್ಮ, ಆ ಚೀಲ ಸುಟ್ಟಿಲ್ಲ. ನೀವು ಹಾಕಿದ ಬಿಳಿ ಹೊಲಿಗೆ ಒಂದೂ ಬಿಚ್ಚಿಲ್ಲ. ಅವಳು ಅದನ್ನು ತರಲು ಹೋಗಲಿಲ್ಲ. ಕೊಡಲು ಮನಸ್ಸು ಬಾರದೆ ಇಷ್ಟು ವರ್ಷ ನಾನೇ ಇಟ್ಟುಕೊಂಡಿದ್ದೆ, ನಿಮಗೆ ಕೊಡಬೇಕೆಂದೇ ಇವತ್ತು ತಂದಿದ್ದೇನೆ. ರೀ, ನಾಚಿಕೆ ಸಾಕು. ಎದ್ದು ಬನ್ನಿ. ಅದನ್ನು ಅಮ್ಮನ ಕೈಗೆ ಕೊಡಿ.

ಮಾತನಾಡಲು ಅವಕಾಶ ಕೊಟ್ಟ ವಿಭಾಗಕ್ಕೆ ವಂದನೆ. ಸಭೆ ಶುರುವಾಗುವ ಮುಂಚೆ ನನ್ನ ಕಾಟ ತಾಳಲಾರದೆ ಈ ಸಭಾಂಗಣದ ಹಿಂಬಾಗಿಲ ಬೀಗ ತೆಗೆದುಕೊಟ್ಟ ಕಾವಲುಗಾರರಿಗೆ ಎಲ್ಲರಿಗಿಂತ ಹೆಚ್ಚಿನ ವಂದನೆ. ಊಟಕ್ಕೆ ನೀವೆಲ್ಲ ನಡೆಯಿರಿ. ಫ್ಯಾನು ಆರಿಸಿ, ಮರೆತದ್ದನ್ನೆಲ್ಲ ಎತ್ತಿಕೊಂಡು ನಾನು ಕೊನೆಗೆ ಬರುತ್ತೇನೆ. ನಮಸ್ಕಾರ.