ಗ್ಯಾನಪ್ಪನ ಫೈಲು

ನಾನು ದೆವ್ವ ಭೂತ ನಂಬುವ ಹೆಂಗಸಲ್ಲ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಆದರೆ ಇದು ಪಕ್ಕದ ಮನೆಯ ನಸ್ರೀನಳಿಗೆ ಆದದ್ದು. ಜೊತೆಗೆ ನಾನೂ ಇದ್ದೆ...

ಸಿಂಧನೂರಿನ ಒಂದು ಶಾಲೆಗೆ ನಾನು ಹೆಡ್‌ಮಿಸ್ಸು, ಅವಳು ಕಂಪ್ಯೂಟರ್ ಟೀಚರು. ಅಂದು ರಾತ್ರಿ ಒಂಬತ್ತಕ್ಕೆ ಹಾಳುಬಾವಿಯ ದಾರಿ ಹಿಡಿದು ಮನೆಗೆ ಹೊರಟಿದ್ದೆವು. ಬಾವಿಯ ಹತ್ತಿರ ಅವಳು ನಿಂತಳು.

ಟಿ-ಡುಂಗ್.

ಪೆನ್‌ಡ್ರೈವ್ ಸಿಕ್ಕಿಸಿದಾಗ ಕಂಪ್ಯೂಟರ್ ಮಾಡುವ ಸದ್ದು. ಬಾವಿಯೊಳಗಿಂದ...

"ಕೇಳಿಸ್ತೇನ್ರೀ ಮೇಡಂ?"

"ಕಪ್ಪೆ. ನಡಿ."

"ಕಪ್ಪಿ ಹಂಗ ಒದರತಾವೇನ್ರೀ?"

ಆ ಬಾವಿಯಲ್ಲೇ ಹೋದ ವರ್ಷ ಗ್ಯಾನಪ್ಪ ಕಾಲು ಜಾರಿ ಸತ್ತಿದ್ದ. ಸಾಲಗುಂದದವನು, ನಮ್ಮ ಜವಾನ. ತಾನೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಅಂಕಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆದಿದ್ದ. ಕರಿದಾರದಲ್ಲಿ ಪೆನ್‌ಡ್ರೈವ್ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದ. ಅದರ ಸಮೇತ ಮಣ್ಣು ಮಾಡಿದರು.

ನಾವು ಬಾವಿಯ ಬಳಿ ನಿಂತ ಆ ರಾತ್ರಿ ಕಳೆದರೆ, ಆಡಳಿತ ಮಂಡಳಿಯವರು ಆ ಪ್ರೋಗ್ರಾಂ ನೋಡಲು ಬರುವವರಿದ್ದರು. ಜವಾನನ ಹೆಸರು ಚೆನ್ನಾಗಿ ಕಾಣದೆಂದು ಅಂದು ಸಂಜೆ ನಸ್ರೀನಳ ಕೈಯಿಂದ ಅದನ್ನು ತೆಗೆಸಿದೆ. ಅಲ್ಲಿ ನನ್ನ ಹೆಸರು ಹಾಕಿಸಿದೆ. ಹೌದು, ನಾನೇ...

ಆದರೆ ಪ್ರೋಗ್ರಾಂ ಓಡಿಸಿದಾಗಲೆಲ್ಲ ಪರದೆಯ ಮೇಲೆ ಒಂದೇ ಸಾಲು: "ಬರೆದವನು ಗ್ಯಾನಪ್ಪ." ಎಷ್ಟು ತಿದ್ದಿದರೂ ಅದೇ.

ಬಾವಿಯ ಮುಂದೆ ನಸ್ರೀನ ಪಿಸುಗುಟ್ಟಿದಳು. "ಮೇಡಂ, ನಾವು ತಿದ್ದಿದ ಫೈಲ ಅದು ಓದಾಕತ್ತಿಲ್ಲ. ಅದೇ ಹೆಸರಿನ ಇನ್ನೊಂದು ಫೈಲ ಎಲ್ಲೋ ಐತಿ. ಅದು ಎಲ್ಲಿಂದ ಇಂಪೋರ್ಟ್ ಆಗಾಕತ್ತೈತಿ, ಅಂದ್ರ ಎಲ್ಲಿಂದ ಒಳಗ ಬರಾಕತ್ತೈತಿ ಅಂತ ಪ್ರೋಗ್ರಾಂನೇ ಕೇಳೂಣ್ರೀ."

ಶಾಲೆಯ ಲ್ಯಾಬಿಗೆ ವಾಪಸು ಹೋದೆವು. ಬೀಗ ಕಟಕ್ಕೆಂದಿತು. ಫ್ಯಾನು ಕಿರ್... ಕಿರ್... ಅವಳು ಒಂದು ಸಾಲು ಟೈಪು ಮಾಡಿದಳು. ಫೈಲು ಇರುವ ಜಾಗ ಪರದೆಯ ಮೇಲೆ ಬಂತು.

"ಇ ಡ್ರೈವ್ ಅನ್ನತೈತ್ರೀ."

"ಹಾಗಂದರೆ?"

"ಪೆನ್‌ಡ್ರೈವ್. ಮೊದಲು ನನ್ನ ಪೆನ್‌ಡ್ರೈವ್ ನೋಡು, ಅದಿಲ್ಲಂದ್ರ ಶಾಲಿ ಫೋಲ್ಡರ್ ನೋಡು ಅಂತ ಗ್ಯಾನಪ್ಪ ಮೊದಲನೇ ಸಾಲಿನಾಗ ಬರದಾನ."

"ಪೆನ್‌ಡ್ರೈವ್ ಎಲ್ಲಿದೆ?"

ಅವಳು ತನ್ನ ಕೊರಳು ಮುಟ್ಟಿ ತೋರಿಸಿದಳು... ಆಮೇಲೆ ಅಂದಳು, "ಅವನ ಹೆಸರು ಅವನಿಗೆ ಕೊಟ್ಟುಬಿಡ್ರೀ ಮೇಡಂ. ನಿಮಗ ಹೆಸರು ಕಡಿಮಿ ಐತೇನು?"

ನನಗೆ ಯಾರೂ ಹಾಗೆ ಅಂದಿರಲಿಲ್ಲ. ಶಾಲೆಯ ಫೋಲ್ಡರಿನ ಫೈಲು ತೆರೆಸಿ, ನನ್ನ ಹೆಸರು ನಾನೇ ಅಳಿಸಿದೆ. ಅವನ ಹೆಸರು ಒಂದೊಂದೇ ಅಕ್ಷರ ಒತ್ತಿದೆ.

ಡುಂಗ್-ಟಿ.

ಪೆನ್‌ಡ್ರೈವ್ ತೆಗೆದಾಗಿನ ಸದ್ದು. ಫೈಲು ಎಲ್ಲಿದೆ ಎಂದು ಪ್ರೋಗ್ರಾಮನ್ನು ಮತ್ತೆ ಕೇಳಿದೆವು. ಈಗ ಶಾಲೆಯ ಫೋಲ್ಡರ್ ಎಂದಿತು.

ಮರುದಿನ ಮಂಡಳಿಯವರ ಮುಂದೆ "ಇದು ಗ್ಯಾನಪ್ಪ ಬರೆದದ್ದು" ಎಂದೆ. ಅಳಿಸಿದ್ದು ನಾನು ಎನ್ನಲು ಮಾತ್ರ ಬಾಯಿ ಬರಲಿಲ್ಲ. ಇವತ್ತು ನಿಮ್ಮ ಮುಂದೆ ಅಂದೆ.

ಸುಳ್ಳು ಎನಿಸಿದರೆ ಲ್ಯಾಬಿಗೆ ಬನ್ನಿ. ಗ್ಯಾನಪ್ಪ ಸತ್ತ ವಾರವೇ, ಮಕ್ಕಳು ವೈರಸ್ ತರುತ್ತಾರೆಂದು, ಆ ಕಂಪ್ಯೂಟರಿನ ಪೆನ್‌ಡ್ರೈವ್ ಕಿಂಡಿಗಳಿಗೆಲ್ಲ ಅರಗು ಸುರಿಸಿ, ಪ್ರಶ್ನೆಪತ್ರಿಕೆಯ ಕಟ್ಟಿನ ಮೇಲೆ ಒತ್ತುವ ಮುದ್ರೆಯನ್ನು ನಾನೇ ಒತ್ತಿದ್ದೆ. ಆ ರಾತ್ರಿ ಟಾರ್ಚು ಹಿಡಿದು ನೋಡಿದೆ. ಒಂದು ಮುದ್ರೆಯೂ ಒಡೆದಿರಲಿಲ್ಲ.